ಆದೇಶ ಹೊರಟ ಕೂಡಲೇ ಪಾಠ ಮುಗಿಯುತ್ತದೆ: ಯುದ್ಧನೀತಿಯ ಒಂದು ಆನ್‌ಲೈನ್ ಕೋರ್ಸಿನ ವಿಮರ್ಶೆ

ಯುದ್ಧದ ಹೊತ್ತಿನಲ್ಲಿ ದೇಶ ನಡೆಸುವವರು ಸಿಕ್ಕಿಬೀಳುವ ಧರ್ಮಸಂಕಟಗಳನ್ನೇ ಹಿಡಿದು ಕಲಿಸುವ ಆನ್‌ಲೈನ್ ಕೋರ್ಸೊಂದನ್ನು ಇತ್ತೀಚೆಗೆ ಪೂರ್ತಿ ಮಾಡಿದೆ. ಸೇರಬಹುದಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಸೇರಿ. ಆದರೆ ಎಲ್ಲಿ ಗಟ್ಟಿಯಾಗಿದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ತಿಳಿದುಕೊಂಡು ಸೇರಿ. ನಡೆಸುವವರ ಹೆಸರು ಬರೆಯುತ್ತಿಲ್ಲ. ಚರ್ಚೆಯಲ್ಲಿ ಏನು ಮಾತು ಬಂತು ಅನ್ನುವುದನ್ನು ಹೊರಗೆ ಹೇಳಬಹುದು, ಯಾರು ಆಡಿದರು ಅನ್ನುವುದನ್ನು ಹೇಳಬಾರದು ಎಂಬ ಕರಾರಿಗೆ ಬ್ಯಾಚಿನವರೆಲ್ಲ ಒಪ್ಪಿದ್ದೆವು. ಹೆಸರು ಬರೆದರೆ ಆ ಕರಾರು ಉಳಿಯುವುದಿಲ್ಲ.

ನನ್ನ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು: ಸೇನಾ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ತೀರ್ಮಾನ ಮಾಡುವವರ ಕೋಣೆಯನ್ನು ನಾನು ನೋಡಿಲ್ಲ. ಅಲ್ಲಿ ಆದ ತೀರ್ಮಾನ ಸ್ಟ್ರೆಚರ್ ಮೇಲೆ ಬಂದು ಇಳಿಯುವುದನ್ನು ನೋಡಿದ್ದೇನೆ. ಆ ಕೋಣೆಯೊಳಗೆ ಏನು ನಡೆಯುತ್ತದೆ ಎಂದು ತಿಳಿಯಬೇಕು ಎಂಬ ಆಸೆ ಬಹಳ ವರ್ಷಗಳಿಂದ ಇತ್ತು, ಅದಕ್ಕೇ ಸೇರಿದೆ.

ಕೋರ್ಸಿನ ಕ್ರಮ ಹೀಗಿದೆ. ಪ್ರತಿ ವಾರ ಇತಿಹಾಸದ ಒಂದು ದಿನ. ಆ ದಿನ ಆ ನಾಯಕನ ಮೇಜಿನ ಮೇಲೆ ಏನಿತ್ತೋ ಅಷ್ಟೇ ಮಾಹಿತಿ ನಮಗೂ ಸಿಗುತ್ತದೆ. ಮುಂದೆ ಏನಾಯಿತು ಎಂದು ನಮಗೆ ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಮಾತಾಡಬೇಕು. ಒಬ್ಬರು ಸೇನಾ ಮುಖ್ಯಸ್ಥರು, ಒಬ್ಬರು ವಿದೇಶಾಂಗ ಸಚಿವರು, ಒಬ್ಬರು ಕಾನೂನು ಸಲಹೆಗಾರರು, ಮತ್ತೊಬ್ಬರು ನಾಯಕ. ಹೊತ್ತು ಗೊತ್ತು ಮಾಡಿರುತ್ತಾರೆ, ಅದರೊಳಗೆ ಆದೇಶ ಬರೆದು ಒಪ್ಪಿಸಬೇಕು. ಅದಾದ ಮೇಲೆ ಎರಡನೇ ಕಡತ ತೆರೆಯುತ್ತದೆ. ಆ ದಿನ ಯಾರಿಗೂ ಗೊತ್ತಿರದಿದ್ದ ಸಂಗತಿಗಳು ಅದರಲ್ಲಿರುತ್ತವೆ.

ಈ ಎರಡನೇ ಕಡತವೇ ಕೋರ್ಸಿನ ಜೀವ. 1962ರ ಅಕ್ಟೋಬರ್ 27ರ ಪಾಠದಲ್ಲಿ ಅದರ ಬೆಲೆ ತಿಳಿಯಿತು. ಕ್ಯೂಬಾದಲ್ಲಿ ಸೋವಿಯತ್ ಕ್ಷಿಪಣಿಗಳಿವೆ, ಅಮೆರಿಕದ ನೌಕಾಪಡೆ ದ್ವೀಪವನ್ನು ಸುತ್ತುವರಿದಿದೆ. ಹಿಂದಿನ ದಿನ ಸೋವಿಯತ್ ನಾಯಕ ಕ್ರುಶ್ಚೇವ್ ಅವರಿಂದ ಒಂದು ಪತ್ರ ಬಂದಿತ್ತು, ಇವತ್ತು ಬಂದ ಪತ್ರ ಇನ್ನೂ ಬಿಗಿ: ಟರ್ಕಿಯಲ್ಲಿರುವ ನಿಮ್ಮ ಕ್ಷಿಪಣಿಗಳನ್ನೂ ತೆಗೆಯಿರಿ. ಮಾತುಕತೆ ನಡೆದಿರುವಾಗಲೇ ಅಮೆರಿಕದ ಯು-2 ಬೇಹುಗಾರಿಕಾ ವಿಮಾನವನ್ನು ಕ್ಯೂಬಾದ ಮೇಲೆ ಹೊಡೆದುರುಳಿಸಿದ ಸುದ್ದಿ ಬರುತ್ತದೆ. ಪೈಲಟ್ ಮೇಜರ್ ರುಡಾಲ್ಫ್ ಆ್ಯಂಡರ್ಸನ್ ಸತ್ತಿದ್ದಾರೆ. ವಿಮಾನ ಹೊಡೆದರೆ ಹೊಡೆದ ಕ್ಷಿಪಣಿ ನೆಲೆಯ ಮೇಲೆ ದಾಳಿ ಮಾಡುವುದು ಎಂದು ಅಮೆರಿಕದ ಅಧ್ಯಕ್ಷ ಕೆನಡಿಯವರ ಸಲಹಾ ಸಮಿತಿ ಮೊದಲೇ ಮಾತಾಡಿಕೊಂಡಿತ್ತು.

ನಮ್ಮ ಗುಂಪಿನಲ್ಲಿ ವಾಯುಪಡೆಯ ಮುಖ್ಯಸ್ಥರ ಪಾತ್ರ ವಹಿಸಿದವರು ಬಹಳ ಚೆನ್ನಾಗಿ ವಾದಿಸಿದರು. "ಸತ್ತವನು ನಿಮ್ಮ ಆದೇಶದ ಮೇಲೆ ಹಾರಿದವನು. ಆಡಿದ ಮಾತಿಗೆ ನಾವೇ ನಿಲ್ಲದಿದ್ದರೆ ನಾಳೆ ಬೆಳಿಗ್ಗೆ ಇನ್ನೊಬ್ಬ ಪೈಲಟ್‌ನನ್ನು ಯಾವ ಮುಖ ಇಟ್ಟುಕೊಂಡು ಕಳಿಸುತ್ತೀರಿ?" ಎಂದು ಕೇಳಿದರು. ಯಾರ ಬಳಿಯೂ ಉತ್ತರ ಇರಲಿಲ್ಲ. ಮತಕ್ಕೆ ಹಾಕಿದಾಗ ಹೆಚ್ಚಿನವರು ಆ ಒಂದು ನೆಲೆಯ ಮೇಲಾದರೂ ದಾಳಿ ಆಗಲೇಬೇಕು ಎಂದರು. ಆಮೇಲೆ ಎರಡನೇ ಕಡತ ತೆರೆದೆವು. ದ್ವೀಪದ ಮೇಲೆ ಯುದ್ಧಭೂಮಿಯಲ್ಲಿ ಬಳಸುವ ಸಣ್ಣ ಪರಮಾಣು ಅಸ್ತ್ರಗಳು ಬಂದು ಇಳಿದಾಗಿತ್ತು. ಅದೇ ದಿನ ಬಿ-59 ಎಂಬ ಸೋವಿಯತ್ ಸಬ್‌ಮರಿನ್ ಅಮೆರಿಕದ ಹಡಗುಗಳ ನಡುವೆ ಸಿಕ್ಕಿಬಿದ್ದಿತ್ತು, ಅದರಲ್ಲಿ ಪರಮಾಣು ಟಾರ್ಪಿಡೊ ಇತ್ತು, ಅದನ್ನು ಹಾರಿಸುವುದು ಬೇಡ ಎಂದು ವಾಸಿಲಿ ಅರ್ಖಿಪೋವ್ ಎಂಬ ಅಧಿಕಾರಿ ತಡೆದಿದ್ದರು. ಅಮೆರಿಕದ ನಾಯಕರಿಗೆ ಇದೆಲ್ಲ ತಿಳಿದದ್ದು ದಶಕಗಳ ನಂತರ. ಕೆನಡಿ ಪ್ರತಿದಾಳಿಗೆ ಒಪ್ಪಲಿಲ್ಲ. ಆ ರಾತ್ರಿ ಅವರ ತಮ್ಮ ಸೋವಿಯತ್ ರಾಯಭಾರಿಯನ್ನು ಕಂಡು, ಟರ್ಕಿಯ ಕ್ಷಿಪಣಿಗಳನ್ನು ಸದ್ದಿಲ್ಲದೆ ತೆಗೆಸುತ್ತೇವೆ ಎಂದು ಹೇಳಿ ಬಂದರು.

ಪಾಠ ನಡೆಸಿದ ಉಪನ್ಯಾಸಕರು ಇಲ್ಲಿ ಒಳ್ಳೆಯ ಪ್ರಶ್ನೆ ಕೇಳಿದರು. ಟರ್ಕಿಯ ಒಪ್ಪಂದವನ್ನು ಜನರಿಂದ ಮುಚ್ಚಿಟ್ಟದ್ದು ಸರಿಯೇ? ಮುಚ್ಚಿಟ್ಟದ್ದರಿಂದ ಯುದ್ಧ ತಪ್ಪಿತು, ಹೌದು. ಆದರೆ ಕಟ್ಟುನಿಟ್ಟಾಗಿ ನಿಂತು ಗೆದ್ದೆವು ಎಂಬ ಸುಳ್ಳು ಪಾಠವನ್ನು ಮುಂದಿನವರು ಕಲಿತರು. ಇದರ ಮೇಲೆ ಚರ್ಚೆ ತುಂಬ ಹೊತ್ತು ನಡೆಯಿತು. ಇಂಥ ಗಳಿಗೆಗಳಲ್ಲಿ ಕೊಟ್ಟ ದುಡ್ಡು ಸಾರ್ಥಕ ಅನ್ನಿಸುತ್ತದೆ.

ಇನ್ನೊಂದು ಅಭ್ಯಾಸ ನನ್ನ ಕೈಯಲ್ಲಿ ಇನ್ನೂ ಉಳಿದಿದೆ. ಬ್ರಿಟನ್ನಿನಲ್ಲಿ ಹೊಸ ಪ್ರಧಾನಿ ಅಧಿಕಾರಕ್ಕೆ ಬಂದ ಕೂಡಲೇ ನಾಲ್ಕು ಪರಮಾಣು ಸಬ್‌ಮರಿನ್‌ಗಳ ಕಮಾಂಡರ್‌ಗಳಿಗೆ ತಮ್ಮ ಕೈಯಾರೆ ಪತ್ರ ಬರೆಯಬೇಕು. ದೇಶ ಪರಮಾಣು ದಾಳಿಯಲ್ಲಿ ನಾಶವಾಗಿ, ಆದೇಶ ಕೊಡುವವರು ಯಾರೂ ಉಳಿಯದಿದ್ದರೆ ಏನು ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಪತ್ರಗಳು ಸಬ್‌ಮರಿನ್‌ಗಳೊಳಗಿನ ತಿಜೋರಿಗೆ ಸೇರುತ್ತವೆ. ಆ ಪ್ರಧಾನಿ ಇಳಿದಾಗ ಯಾರೂ ತೆರೆಯದೆ ನಾಶಮಾಡುತ್ತಾರೆ. ಕೋರ್ಸಿನಲ್ಲಿ ಆ ಪತ್ರವನ್ನು ನಾವೂ ಬರೆಯಬೇಕು. ಟೈಪ್ ಮಾಡುವಂತಿಲ್ಲ. ಬರೆದು, ಲಕೋಟೆಗೆ ಹಾಕಿ, ಅಂಟಿಸಿ, ಅಂಟಿಸಿದ ಲಕೋಟೆಯನ್ನು ಕ್ಯಾಮೆರಾಕ್ಕೆ ತೋರಿಸಿದರೆ ಆಯಿತು. ಒಳಗಿರುವುದನ್ನು ಯಾರೂ ಕೇಳುವುದಿಲ್ಲ.

ಪೆನ್ನು ಹಿಡಿದು ಕುಳಿತಾಗ ಮೊದಲ ಸಾಲಿಗೇ ಅಡ್ಡಿ ಬಂತು. ಸಂಬೋಧನೆ ಹೇಗೆ ಬರೆಯುವುದು? ಓದುವವನ ಮನೆ, ಹೆಂಡತಿ ಮಕ್ಕಳು, ಊರು ಯಾವುದೂ ಉಳಿದಿಲ್ಲ ಎಂದು ಗೊತ್ತಾದ ಮೇಲೆಯೇ ಅವನು ಈ ಲಕೋಟೆ ಒಡೆಯುವುದು. ಪ್ರತಿದಾಳಿ ಮಾಡು ಎಂದು ಬರೆದರೆ ಏನೂ ತಿಳಿಯದ ಲಕ್ಷಾಂತರ ಜನ ಸಾಯುತ್ತಾರೆ, ಅದರಿಂದ ನಮ್ಮವರು ಒಬ್ಬರೂ ಬದುಕಿ ಬರುವುದಿಲ್ಲ. ಮಾಡಬೇಡ ಎಂದು ಬರೆದರೆ, ಹೊಡೆದರೆ ಹೊಡೆಯುತ್ತೇವೆ ಎಂದು ಇಷ್ಟು ದಿನ ಶತ್ರುವಿಗೆ ಹೇಳಿದ್ದೆಲ್ಲ ಪೊಳ್ಳು. ನಿನ್ನ ವಿವೇಚನೆಗೆ ಬಿಟ್ಟದ್ದು ಎಂದು ಬರೆಯಬಹುದು, ಆದರೆ ಅದು ನನ್ನ ಹೊರೆಯನ್ನು ಅವನ ತಲೆಗೆ ಹೊರಿಸಿದಂತೆ. ಪ್ರಧಾನಿಯಾಗಿದ್ದ ಜೇಮ್ಸ್ ಕ್ಯಾಲಹನ್, ಅಧಿಕಾರ ಬಿಟ್ಟ ಎಷ್ಟೋ ವರ್ಷಗಳ ಮೇಲೆ, ಅಗತ್ಯ ಬಿದ್ದಿದ್ದರೆ ಬಳಸಲು ಹೇಳುತ್ತಿದ್ದೆ, ಆದರೆ ಆಮೇಲೆ ಬದುಕಿ ಉಳಿದಿದ್ದರೆ ನನ್ನನ್ನು ನಾನು ಎಂದೂ ಕ್ಷಮಿಸಿಕೊಳ್ಳುತ್ತಿರಲಿಲ್ಲ ಎಂಬರ್ಥದ ಮಾತಾಡಿದ್ದರು. ನಾನು ಬರೆದದ್ದೇನು ಎಂದು ಇಲ್ಲೂ ಹೇಳುವುದಿಲ್ಲ. ನಿಯಮ ನಿಯಮವೇ.

ಈಗ ದೂರುಗಳಿಗೆ ಬರುತ್ತೇನೆ. ಮೊದಲನೆಯದು ದೊಡ್ಡದು, ಅದಕ್ಕೇ ಶೀರ್ಷಿಕೆಯಲ್ಲೂ ಇಟ್ಟಿದ್ದೇನೆ. ಆದೇಶ ಬರೆದ ಕೂಡಲೇ ಪಾಠ ಮುಗಿದುಹೋಗುತ್ತದೆ. ಧರ್ಮಸಂಕಟ ಎಂದರೆ ತೀರ್ಮಾನದ ಆ ಒಂದು ಗಳಿಗೆ ಮಾತ್ರ ಎಂಬ ಭಾವನೆಯನ್ನು ಇಡೀ ಕೋರ್ಸ್ ಬಿತ್ತುತ್ತದೆ. ಹಿರೋಶಿಮಾ ಪಾಠದಲ್ಲಿ ಇದರ ಕೊರತೆ ಎದ್ದು ಕಾಣುತ್ತದೆ.

ಆ ಪಾಠದ ಮೊದಲರ್ಧ ಅಚ್ಚುಕಟ್ಟು. ಗುರಿಗಳ ಪಟ್ಟಿಯಲ್ಲಿ ಮೊದಲು ಕ್ಯೋಟೊ ಇತ್ತು, ಅಮೆರಿಕದ ಯುದ್ಧ ಸಚಿವ ಹೆನ್ರಿ ಸ್ಟಿಮ್ಸನ್ ಹಟಹಿಡಿದು ಅದನ್ನು ತೆಗೆಸಿದರು. ಬಾಂಬನ್ನು ನಗರದ ಮೇಲೆ ಹಾಕುವ ಮೊದಲು ಜನವಸತಿ ಇಲ್ಲದ ಕಡೆ ಸಿಡಿಸಿ ತೋರಿಸಿ ಎಂದು ವಿಜ್ಞಾನಿಗಳ ಒಂದು ಗುಂಪು 1945ರ ಜೂನ್‌ನಲ್ಲಿ ವರದಿ ಕೊಟ್ಟಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಟೋಕಿಯೊ ಮೇಲೆ ಒಂದೇ ರಾತ್ರಿ ಸುರಿದ ಬೆಂಕಿಬಾಂಬುಗಳಿಗೆ ಸುಮಾರು 1 ಲಕ್ಷ ಜನ ಬಲಿಯಾಗಿದ್ದರು, ಹಾಗಾಗಿ ನಗರಗಳನ್ನು ಸುಡುವುದು ಆ ಹೊತ್ತಿಗೆ ಹೊಸತೇನೂ ಆಗಿರಲಿಲ್ಲ. ಇಷ್ಟನ್ನೂ ಮುಂದಿಟ್ಟು, ನೀವು ಅಧ್ಯಕ್ಷ ಟ್ರೂಮನ್, ಬಾಂಬ್ ಹಾಕುತ್ತೀರೋ ಇಲ್ಲವೋ ಎಂದು ಕೇಳುತ್ತಾರೆ.

ಕಾಗದಗಳಲ್ಲಿ ಕಾಣುವುದೇ ಬೇರೆ. ಜುಲೈ 25ರಂದು ಸೇನೆಗೆ ಹೋದ ಲಿಖಿತ ಆದೇಶದಲ್ಲಿ ಹಿರೋಶಿಮಾ, ಕೊಕುರಾ, ನೀಗಾಟ, ನಾಗಸಾಕಿ ಎಂದು ನಾಲ್ಕು ಹೆಸರುಗಳಿವೆ. ಆಗಸ್ಟ್ 3ರ ಸುಮಾರಿಗೆ ಹವಾಮಾನ ಒದಗಿದ ಕೂಡಲೇ ಮೊದಲ ಬಾಂಬ್, ಉಳಿದವು ಸಿದ್ಧವಾದ ಹಾಗೆಲ್ಲ ಹಾಕಬೇಕು ಎಂದಿದೆ. ಅಂದರೆ ನಾಗಸಾಕಿಗಾಗಿ ಅಧ್ಯಕ್ಷರು ಬೇರೆ ತೀರ್ಮಾನ ಮಾಡಬೇಕಾದ ಅಗತ್ಯವೇ ಬೀಳಲಿಲ್ಲ. ಆಗಸ್ಟ್ 9ರಂದು ವಿಮಾನ ಹೊರಟದ್ದು ಕೊಕುರಾಕ್ಕೆ. ಅಲ್ಲಿ ಗುರಿ ಕಾಣಿಸದೆ ನಾಗಸಾಕಿಯತ್ತ ತಿರುಗಿತು. ಟ್ರೂಮನ್ ತಡೆ ಹಾಕಿದ್ದು ಆಗಸ್ಟ್ 10ರಂದು: ಇನ್ನು ಮುಂದೆ ನನ್ನ ಅಪ್ಪಣೆಯಿಲ್ಲದೆ ಬಾಂಬ್ ಹಾಕಕೂಡದು. ಇನ್ನೂ ಒಂದು ಲಕ್ಷ ಜನರನ್ನು ಅಳಿಸಿಹಾಕುವ ಯೋಚನೆಯೇ ಭೀಕರ, ಆ ಮಕ್ಕಳನ್ನೆಲ್ಲ ಕೊಲ್ಲುವುದು ಇಷ್ಟವಿಲ್ಲ ಎಂದು ಅವರು ಸಂಪುಟದಲ್ಲಿ ಹೇಳಿದ್ದನ್ನು ಸಚಿವ ಹೆನ್ರಿ ವಾಲೇಸ್ ಆ ದಿನದ ಡೈರಿಯಲ್ಲಿ ಬರೆದಿಟ್ಟಿದ್ದಾರೆ.

ನನ್ನ ಮಟ್ಟಿಗೆ ಈ ಆಗಸ್ಟ್ 10 ಬಹಳ ಮುಖ್ಯ. ಅಧಿಕಾರದಲ್ಲಿರುವ ಒಬ್ಬ ಮನುಷ್ಯ ತನ್ನ ಒಪ್ಪಿಗೆ ತಾನಿಲ್ಲದೆಯೂ ಓಡುತ್ತಿರುವುದನ್ನು ಕಂಡು ಅದನ್ನು ವಾಪಸ್ ಎಳೆದುಕೊಂಡ ದಿನ ಅದು. ಆ ಹೊತ್ತಿಗೆ ಎರಡು ನಗರ ಹೋಗಿದ್ದವು. ಆ ವರ್ಷ ಮುಗಿಯುವ ಹೊತ್ತಿಗೆ ಹಿರೋಶಿಮಾದಲ್ಲಿ ಸತ್ತವರು ಸುಮಾರು 1,40,000 ಎಂಬುದು ಆ ನಗರಾಡಳಿತದ ಅಂದಾಜು. ಕೋರ್ಸಿನಲ್ಲಿ ಆಗಸ್ಟ್ 10ರ ಮಾತೇ ಇಲ್ಲ. ಆಗಸ್ಟ್ 6ಕ್ಕೆ ತೆರೆ ಎಳೆಯುತ್ತಾರೆ. ಹೌದು-ಅಲ್ಲ ಎಂಬ ಒಂದೇ ಪ್ರಶ್ನೆಗೆ ಎಲ್ಲವನ್ನೂ ಇಳಿಸಿದಾಗ, ಆದೇಶದ ಒಕ್ಕಣೆ ಎಷ್ಟು ಸಡಿಲವಾಗಿತ್ತು, ಮಧ್ಯದಲ್ಲಿ ತಡೆದು ನಿಲ್ಲಿಸುವವರು ಯಾರಿದ್ದರು ಎಂಬ ಪ್ರಶ್ನೆಗಳು ಕಾಣೆಯಾಗುತ್ತವೆ. ನನಗೆ ಅವೇ ನೈತಿಕ ಪ್ರಶ್ನೆಗಳು.

ಎರಡನೆಯ ದೂರು ಕಾವೆಂಟ್ರಿ ಪಾಠದ್ದು. 1940ರ ನವೆಂಬರ್ 14ರಂದು ಜರ್ಮನ್ ವಿಮಾನಗಳು ಇಂಗ್ಲೆಂಡಿನ ಆ ನಗರವನ್ನು ಸುಟ್ಟವು. ಜರ್ಮನರ ಗೂಢಲಿಪಿಯನ್ನು ಒಡೆದಿರುವ ಗುಟ್ಟು ಬಯಲಾಗಬಾರದೆಂದು ಚರ್ಚಿಲ್ ಗೊತ್ತಿದ್ದೂ ಗೊತ್ತಿದ್ದೂ ನಗರವನ್ನು ಬಲಿಗೊಟ್ಟರು ಎಂಬ ಕಥೆಯನ್ನು ಇಲ್ಲಿ ನಡೆದ ಘಟನೆಯೆಂದೇ ಕಲಿಸುತ್ತಾರೆ. ಇತಿಹಾಸಕಾರರು ಇದನ್ನು ಒಪ್ಪಿಲ್ಲ. ದೊಡ್ಡ ದಾಳಿಯೊಂದು ಬರಲಿದೆ ಎಂದು ಗೊತ್ತಿತ್ತು, ಆದರೆ ಚರ್ಚಿಲ್ ಅದು ಲಂಡನ್ನಿನ ಮೇಲೆ ಎಂದುಕೊಂಡಿದ್ದರು. ಊರಾಚೆ ಹೊರಟವರು ಅರ್ಧದಾರಿಯಿಂದ ಲಂಡನ್ನಿಗೇ ಮರಳಿದ್ದರು. ಇದನ್ನು ಸಂಚಾಲಕರಿಗೆ ಬರೆದೆ. ಪಾಠದ ಉದ್ದೇಶಕ್ಕೆ ಕಥೆ ಉಪಯುಕ್ತವಾಗಿರುವುದರಿಂದ ಇಟ್ಟುಕೊಂಡಿದ್ದೇವೆ ಎಂದು ಉತ್ತರ ಬಂತು. ಇದು ಸರಿಯಲ್ಲ. ಸತ್ತ ಐನೂರಕ್ಕೂ ಹೆಚ್ಚು ಜನರ ಹೆಸರಿನಲ್ಲಿ ಆಗದೇ ಇದ್ದ ತೀರ್ಮಾನವೊಂದನ್ನು ಕಟ್ಟಿ ಅದರ ಮೇಲೆ ನೀತಿಪಾಠ ಮಾಡಬಾರದು. ನಿಜವಾದ ಉದಾಹರಣೆ ಬೇಕಿದ್ದರೆ ಅದೇ ಚರ್ಚಿಲ್ ಅವರದ್ದು ಬೇಕಾದಷ್ಟಿವೆ. 1940ರ ಜುಲೈ 3ರಂದು, ಹಡಗುಗಳು ಹಿಟ್ಲರನ ಕೈಸೇರಬಾರದೆಂದು, ನಿನ್ನೆಯವರೆಗೆ ಮಿತ್ರರಾಗಿದ್ದ ಫ್ರೆಂಚರ ನೌಕಾಪಡೆಯ ಮೇಲೆ ಅಲ್ಜೀರಿಯಾದ ಮೆರ್ಸ್ ಎಲ್ ಕೆಬಿರ್‌ನಲ್ಲಿ ಗುಂಡಿನ ದಾಳಿ ಮಾಡಿಸಿದರು. ಸತ್ತ ಫ್ರೆಂಚ್ ನಾವಿಕರು 1,297. 1945ರ ಫೆಬ್ರವರಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ಸುಟ್ಟ ಮೇಲೆ, ಮಾರ್ಚ್‌ನಲ್ಲಿ, ಬರೀ ಭಯ ಹುಟ್ಟಿಸಲಿಕ್ಕಾಗಿ ನಗರಗಳ ಮೇಲೆ ಬಾಂಬ್ ಹಾಕುವುದನ್ನು ಪರಿಶೀಲಿಸಬೇಕು ಎಂದು ಟಿಪ್ಪಣಿ ಬರೆದವರೂ ಅವರೇ, ಸೇನಾಧಿಕಾರಿಗಳು ಸಿಟ್ಟಾದಾಗ ಅದನ್ನು ಹಿಂತೆಗೆದು ಮೆತ್ತಗೆ ತಿದ್ದಿ ಬರೆದವರೂ ಅವರೇ. ಆ ಎರಡು ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟು ಓದಿಸಿದರೆ ಒಂದು ವಾರದ ಪಾಠ ಆಗುತ್ತದೆ.

ರಸಪ್ರಶ್ನೆಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಪ್ರತಿ ಪಾಠದ ಕೊನೆಗೆ ನಾಲ್ಕು ಆಯ್ಕೆಗಳು, ಒಂದಕ್ಕೆ ಹಸಿರು ಗುರುತು. ಇಂಥ ವಿಷಯದಲ್ಲಿ ಹಸಿರು ಗುರುತು ಹಾಕುವುದೇ ತಪ್ಪು. ತೆಗೆದುಹಾಕಲಿ.

ಜರ್ಮನಿಯ ಪಾಠ ಮಾತ್ರ ಎಲ್ಲರೂ ನೋಡಬೇಕಾದದ್ದು. ಅಪಹರಣಕಾರರು ಪ್ರಯಾಣಿಕರ ವಿಮಾನವನ್ನೇ ಆಯುಧ ಮಾಡಿಕೊಂಡರೆ ಅದನ್ನು ಹೊಡೆದುರುಳಿಸಲು ರಕ್ಷಣಾ ಸಚಿವರಿಗೆ ಅಧಿಕಾರ ಕೊಡುವ ಕಾನೂನು 2005ರಲ್ಲಿ ಅಲ್ಲಿ ಜಾರಿಗೆ ಬಂತು. 2006ರ ಫೆಬ್ರವರಿ 15ರಂದು ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಇನ್ನಷ್ಟು ಜನರನ್ನು ಉಳಿಸುವ ಸಾಧನವಾಗಿ ಆ ನಿರಪರಾಧಿ ಪ್ರಯಾಣಿಕರನ್ನು ಸರ್ಕಾರ ಬಳಸಿಕೊಳ್ಳುವುದು ಮಾನವ ಘನತೆಗೆ ವಿರುದ್ಧ ಎಂದಿತು. ಲೆಕ್ಕ ಹಾಕಿ ನೋಡಿದರೆ ನೂರು ಜನ ಸತ್ತು ಸಾವಿರ ಜನ ಉಳಿಯಬಹುದು, ಆದರೂ ಬೇಡ ಎಂದಿತು.

ಇಲ್ಲಿ ನನ್ನ ವೃತ್ತಿಯ ಮಾತು ಬಂತು. ಗಾಯಾಳುಗಳು ಒಟ್ಟಿಗೆ ಬಂದಾಗ ನಾವು ಟ್ರಯಾಜ್ ಮಾಡುತ್ತೇವೆ, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುತ್ತೇವೆ. ಕೆಂಪು ಚೀಟಿ ಕೂಡಲೇ, ಹಳದಿ ಸ್ವಲ್ಪ ತಡೆಯಬಹುದು, ಹಸಿರು ನಡೆದಾಡಬಲ್ಲವರು, ಕಪ್ಪು ಕೈಮೀರಿದವರು. ನೀವೂ ಲೆಕ್ಕ ಹಾಕಿಯೇ ಕೆಲವರನ್ನು ಬಿಡುತ್ತೀರಲ್ಲ ಮೇಡಂ, ನಾಯಕರಿಗೂ ನಿಮಗೂ ಏನು ವ್ಯತ್ಯಾಸ ಎಂದು ಬ್ಯಾಚಿನ ಹುಡುಗನೊಬ್ಬ ಕೇಳಿದ. ವ್ಯತ್ಯಾಸ ಇದೆಯಪ್ಪಾ ಎಂದೆ. ಕಪ್ಪು ಚೀಟಿ ಕಟ್ಟಿದವನ ಸಾವನ್ನು ನಾವು ಯಾವುದಕ್ಕೂ ಬಳಸಿಕೊಳ್ಳುವುದಿಲ್ಲ. ನಮ್ಮ ಕೈ ಖಾಲಿಯಾದ ಕೂಡಲೇ ಅವನ ಹತ್ತಿರ ಮತ್ತೆ ಹೋಗುತ್ತೇವೆ, ನಾಡಿ ಹಿಡಿಯುತ್ತೇವೆ, ಸ್ಥಿತಿ ಸುಧಾರಿಸಿದ್ದರೆ ಚೀಟಿ ಬದಲಾಯಿಸುತ್ತೇವೆ, ಇಲ್ಲದಿದ್ದರೂ ನೋವು ತಗ್ಗಿಸಲು ಏನು ಸಾಧ್ಯವೋ ಅದನ್ನು ಮಾಡುತ್ತೇವೆ. ಅವನು ಶತ್ರು ಸೈನಿಕನಾದರೂ ಸಾಲಿನಲ್ಲಿ ಹಿಂದಕ್ಕೆ ತಳ್ಳುವಂತಿಲ್ಲ. ಚಿಕಿತ್ಸೆಯ ಸರದಿಯನ್ನು ವೈದ್ಯಕೀಯ ತುರ್ತು ಮಾತ್ರ ನಿರ್ಧರಿಸಬೇಕು ಎಂದು 1949ರ ಮೊದಲ ಜಿನೀವಾ ಒಪ್ಪಂದದ 12ನೇ ವಿಧಿ ಹೇಳುತ್ತದೆ. ನಾಯಕರಿಂದ ನಾನು ಕೇಳುವುದೂ ಇಷ್ಟೇ: ಕಪ್ಪು ಚೀಟಿ ಕಟ್ಟಿದ ಕಡೆಗೆ ಮತ್ತೆ ಹೋಗಿ ನೋಡಲಿ.

ಹಾಗೆ ಹೋಗಿ ನೋಡಿದವರು ಇತಿಹಾಸದಲ್ಲಿ ಇಲ್ಲದಿಲ್ಲ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಒಯ್ದರು, ಅದರ ಎಷ್ಟೋ ಪಟ್ಟು ಜನ ಆಮೇಲೆ ಅಳಿದರು ಎಂದು ಗೆದ್ದ ಅಶೋಕನೇ ತನ್ನ 13ನೇ ಶಿಲಾಶಾಸನದಲ್ಲಿ ಕೆತ್ತಿಸಿದ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ನನಗೆ ಪಶ್ಚಾತ್ತಾಪವಿದ್ದರೂ ದಂಡಿಸುವ ಶಕ್ತಿಯೂ ಇದೆ ಎಂಬ ಎಚ್ಚರಿಕೆಯನ್ನೂ ಕೊಟ್ಟ. ಇನ್ನೊಂದು ಸಂಗತಿ: ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಈ 13ನೇ ಶಾಸನ ಇಲ್ಲ. ಸೋತವರ ಕಣ್ಣಿಗೆ ಬೀಳುವಲ್ಲಿ ಪಶ್ಚಾತ್ತಾಪವನ್ನು ಕೆತ್ತಿಸಲಿಲ್ಲ. ಇದು ಅವರ ಗಾಯ ಕೆದಕಬಾರದೆಂಬ ಕರುಣೆಯೋ, ಆಳುವವನ ಜಾಗರೂಕತೆಯೋ? ಇಂಥ ಪ್ರಶ್ನೆಯನ್ನು ಕೋರ್ಸ್ ಕೇಳಬೇಕಿತ್ತು. ಕುರುಕ್ಷೇತ್ರದ ಕಥೆಯೂ ಹದಿನೆಂಟನೇ ದಿನಕ್ಕೆ ಮುಗಿಯುವುದಿಲ್ಲ. ಗಾಂಧಾರಿ ರಣಭೂಮಿಗೆ ಬರುತ್ತಾಳೆ, ಧರ್ಮರಾಯ ಈ ಪಟ್ಟವೇ ಬೇಡ ಎನ್ನುತ್ತಾನೆ.

ಹತ್ತಿರದ ಕಾಲದ್ದು ಬೇಕಿದ್ದರೆ ನೆದರ್ಲೆಂಡ್ಸ್ ಇದೆ. 1995ರ ಜುಲೈನಲ್ಲಿ ಬೋಸ್ನಿಯಾದ ಸ್ರೆಬ್ರೆನಿಟ್ಸದಲ್ಲಿ ಡಚ್ ಶಾಂತಿಪಾಲಕರ ರಕ್ಷಣೆಯಲ್ಲಿದ್ದ ಎಂಟು ಸಾವಿರಕ್ಕೂ ಹೆಚ್ಚು ಗಂಡಸರು, ಹುಡುಗರ ಕೊಲೆಯಾಯಿತು. 2002ರಲ್ಲಿ ತನಿಖಾ ವರದಿ ಬಂದ ಕೆಲವೇ ದಿನಗಳಲ್ಲಿ ಪ್ರಧಾನಿ ವಿಮ್ ಕೋಕ್ ಅವರ ಸಂಪುಟ ರಾಜೀನಾಮೆ ಕೊಟ್ಟಿತು. ಚುನಾವಣೆ ಹೇಗೂ ಹತ್ತಿರದಲ್ಲೇ ಇತ್ತು, ತಡವಾಯಿತು ಎಂದು ಟೀಕಿಸುವವರಿದ್ದಾರೆ. ಟೀಕೆ ನ್ಯಾಯವೇ. ಆದರೂ ಕೊಂದವರು ತಾವಲ್ಲದಿದ್ದಾಗ, ತಡೆಯಲಾಗದೆ ಹೋದದ್ದಕ್ಕೆ ಒಂದು ಸರ್ಕಾರ ಕೆಳಗಿಳಿಯಿತು. ರುವಾಂಡದ ಪಾಠವನ್ನು ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ್ದಾರೆ: ನರಮೇಧ ನಡೆಯುತ್ತಿದ್ದಾಗಲೇ, 1994ರ ಏಪ್ರಿಲ್ 21ರಂದು, ಭದ್ರತಾ ಮಂಡಳಿ ಅಲ್ಲಿನ ಪಡೆಯನ್ನು 270 ಜನಕ್ಕೆ ಇಳಿಸಲು ನಿರ್ಣಯ ಮಾಡಿತು ಎಂಬುದನ್ನು ಓದಿಸುತ್ತಾರೆ. ಸುಮ್ಮನಿರುವುದಕ್ಕೂ ಸಹಿ ಬೇಕಾಗುತ್ತದೆ ಎಂದು ಆವತ್ತು ಎಲ್ಲರಿಗೂ ಅರ್ಥವಾಯಿತು. ಸ್ರೆಬ್ರೆನಿಟ್ಸವನ್ನು ಅದರ ಬೆನ್ನಿಗೇ ಇಟ್ಟಿದ್ದರೆ ಪಾಠ ಪೂರ್ತಿಯಾಗುತ್ತಿತ್ತು.

ಉಳಿದದ್ದು ಸಣ್ಣಪುಟ್ಟ ವಿಷಯ. ಧ್ವನಿ ಸ್ಪಷ್ಟವಾಗಿದೆ. ಓದಲು ಕೊಡುವ ಕಾಗದಗಳು ಕೆಲಸದಲ್ಲಿರುವವರಿಗೆ ಹೆಚ್ಚಾಗುತ್ತವೆ, ಮೂಲ ದಾಖಲೆಗಳನ್ನು ಬಿಡದೆ ಓದಿ, ವಿವರಣೆಗಳನ್ನು ಬಿಟ್ಟರೂ ನಡೆಯುತ್ತದೆ. ಚರ್ಚೆ ನಡೆಸುವವರು ದನಿ ಏರಿಸಲು ಯಾರಿಗೂ ಬಿಡುವುದಿಲ್ಲ, ಈಗ ನಡೆಯುತ್ತಿರುವ ಯುದ್ಧಗಳ ಮಾತು ಬಂದಾಗಲೂ ಎರಡೂ ಕಡೆಯವರು ಕೂತು ಕೇಳಿದರು. ಯುದ್ಧದಲ್ಲಿ ಹತ್ತಿರದವರನ್ನು ಕಳೆದುಕೊಂಡವರು ಸೇರುವುದಾದರೆ ಸಂಚಾಲಕರಿಗೆ ಮೊದಲೇ ತಿಳಿಸಿ, ಪಾತ್ರ ವಹಿಸದೆ ಬರೀ ಕೇಳುತ್ತ ಕೂರಲು ಅವಕಾಶ ಕೊಡುತ್ತಾರೆ. ಬ್ಯಾಚಿನಲ್ಲಿ ಹಾಗೆ ಕುಳಿತವರು ಇದ್ದರು.

ಪತ್ರದ ಅಭ್ಯಾಸವನ್ನು ಮೊದಲ ವಾರಗಳಲ್ಲೇ ಇಟ್ಟಿದ್ದಾರೆ. ಸಾಧ್ಯವಾದರೆ ಕೊನೆಗೆ ಮಾಡಿ, ಅಷ್ಟೆಲ್ಲ ಓದಿದ ಮೇಲೆ ಕೈ ಬೇರೆಯೇ ಬರೆಯುತ್ತದೆ. ಕೋರ್ಸ್ ಮುಗಿದ ಮೇಲೆ ಅಭಿಪ್ರಾಯದ ನಮೂನೆಯಲ್ಲಿ ಆಗಸ್ಟ್ 10ರ ಬಗ್ಗೆ ಉದ್ದಕ್ಕೆ ಬರೆದೆ, ಜುಲೈ 25ರ ಆದೇಶದ ಪ್ರತಿಯನ್ನೂ ಲಗತ್ತಿಸಿದೆ. ಮುಂದಿನ ಬ್ಯಾಚಿಗೆ ಅದನ್ನು ಬೇರೆಯೇ ಪಾಠವಾಗಿ ಸೇರಿಸುವ ಯೋಚನೆ ಇದೆ ಎಂದು ಉತ್ತರಿಸಿದ್ದಾರೆ. ಸೇರಿಸಿದರೆ ಆ ಒಂದು ವಾರಕ್ಕಾಗಿಯೇ ಮತ್ತೆ ಶುಲ್ಕ ಕಟ್ಟುತ್ತೇನೆ.